ಬಿಸ್ಕತ್ತು ಡಬ್ಬಿಯ ಕಣ್ಣು

ನಮ್ಮ ಮನೆಯ ಸಕ್ಕರೆ ಡಬ್ಬಿಗೆ ಇರುವೆ ಹೇಗೆ ನುಗ್ಗಿತು ಎಂಬುದು ಕಳೆದ ಒಂದು ವಾರ ನಮ್ಮಲ್ಲಿ ನಡೆದ ದೊಡ್ಡ ವಿಚಾರಣೆ. ಆರೋಪಿ ನಾನೇ. ಮುಚ್ಚಳ ಸರಿಯಾಗಿ ಹಾಕುವುದಿಲ್ಲ, ಯಾರೂ ಇಲ್ಲದಾಗ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತೀರಿ, ಒದ್ದೆ ಚಮಚ ಅಲ್ಲೇ ಬಿಡುತ್ತೀರಿ ಎಂದು ನನ್ನ ಹೆಂಡತಿ ಮೂರು ಆರೋಪ ಹೊರಿಸಿದಳು. ಮೂರರಲ್ಲಿ ಎರಡು ನಿಜ. ಕೊನೆಗೆ ಅವಳು ಡಬ್ಬಿ ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಹಿಡಿದು ಒಳಗೆ ಇಣುಕಿದಾಗ ಸತ್ಯ ಹೊರಬಿತ್ತು. ಡಬ್ಬಿಯ ಮಗ್ಗುಲಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ತೂತು. ನಾನೇ ಎಂದೋ ಅದಕ್ಕೆ ಮೆತ್ತಿದ್ದ ಮೇಣ ಈ ಬೇಸಿಗೆಗೆ ಕರಗಿ ಬಿದ್ದಿತ್ತು.

“ಇದನ್ನ ಯಾರು ಮಾಡಿದ್ದು?” ಎಂದಳು.

“ನಾನೇ.”

“ಯಾಕೆ?”

“ಒಂದು ಊರು ಪೂರಾ ಒಳಗೆ ಬರಲಿ ಅಂತ.”

ಅವಳು ಡಬ್ಬಿಯನ್ನು ಕೆಳಗಿಟ್ಟಳು. ಬೆಸುಗೆಯವನು ಬೀದಿಗೆ ಬಂದರೆ ಕೂಗಿ ಎಂದು ಹೇಳಿ ಒಳಗೆ ಹೋದಳು. ಇಷ್ಟು ವರ್ಷ ಸಂಸಾರ ಮಾಡಿದವಳು. ನನ್ನ ಮಾತಿನಲ್ಲಿ ಯಾವುದನ್ನು ಕಿವಿಗೆ ಹಾಕಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಈ ಸಲ ನಾನು ಹೇಳಿದ್ದು ನಿಜವೇ ಆಗಿತ್ತು. ನೀವಾದರೂ ಕೇಳಿ.

ಈ ಡಬ್ಬಿಯ ಕಥೆ ಡಬ್ಬಿಯಿಂದ ಶುರುವಾಗುವುದಿಲ್ಲ, ಹುಳದ ಮನೆಯಿಂದ ಶುರುವಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಮಡಕಶಿರದ ಹತ್ತಿರ, ಗುಡಿಬಂಡೆ ಕಡೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನಮಗೆಲ್ಲ ಮಲಗಲು ಪಡಸಾಲೆ, ಹುಳುಗಳಿಗೆ ಮಾತ್ರ ಒಳ್ಳೆಯ ಕೋಣೆ. ಆ ಕೋಣೆಗೆ ಬಿಸಿಲು ತಾಕಬಾರದು, ಗಾಳಿ ಜೋರಾಗಿ ಬೀಸಬಾರದು, ಒಗ್ಗರಣೆಯ ಹೊಗೆ ಸುಳಿಯಬಾರದು. ಮಕ್ಕಳು ಹೋಗಬಹುದಿತ್ತು, ಆದರೆ ಕಂಕುಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಇದ್ದರೆ ಮಾತ್ರ. ಒಳಗೆ ಕತ್ತಲೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ಸೊಪ್ಪು ಮೇಯುವ ಸದ್ದು. ನಮ್ಮ ಕಡೆ ಮಳೆ ಅಪರೂಪವಾದ್ದರಿಂದ, ತುಂತುರು ಮಳೆಯ ಸದ್ದು ಹೇಗಿರುತ್ತದೆಂದು ನಾನು ಕಲಿತದ್ದು ಹೆಚ್ಚಾಗಿ ಆ ಹುಳುಗಳಿಂದಲೇ.

ಆ ಕೋಣೆಯ ಬಾಗಿಲ ಹಲಗೆಯಲ್ಲಿ ಗಂಟು ಕಳಚಿ ಬಿದ್ದ ಸಣ್ಣದೊಂದು ತೂತಿತ್ತು. ಮಧ್ಯಾಹ್ನ ಬೀದಿಗೆ ಬಿಸಿಲು ಬಿದ್ದಾಗ ಕೋಣೆಯೊಳಗೆ ಬಾಗಿಲೆದುರಿನ ಸುಣ್ಣದ ಗೋಡೆಯ ಮೇಲೆ ಇಡೀ ಬೀದಿ ಮೂಡುತ್ತಿತ್ತು, ತಲೆಕೆಳಗಾಗಿ. ಬೇವಿನ ಮರ ಮೇಲಿನಿಂದ ಕೆಳಕ್ಕೆ ಜೋತಾಡುತ್ತಿತ್ತು. ಗಾಡಿ ಚಕ್ರ ಮೇಲೆ ಮಾಡಿಕೊಂಡು ಹೋಗುತ್ತಿತ್ತು. ಒಂದು ದಿನ ನಮ್ಮೂರ ಗೌಡರೇ ಹಾದುಹೋದರು. ಅವರನ್ನು ಕಂಡರೆ ಬೀದಿಯ ನಾಯಿಯೂ ಪಕ್ಕಕ್ಕೆ ಸರಿಯುತ್ತಿದ್ದ ಕಾಲ ಅದು. ಅಂಥವರು ರುಮಾಲನ್ನು ಕೆಳಗೆ ಮಾಡಿಕೊಂಡು, ಚಪ್ಪಲಿಯನ್ನು ಮೇಲೆ ಮಾಡಿಕೊಂಡು ನಮ್ಮ ಗೋಡೆಯ ಮೇಲೆ ಗಂಭೀರವಾಗಿ ನಡೆದುಹೋದರು.

“ಅಮ್ಮಾ, ಗೋಡೆ ಮ್ಯಾಲೆ ಗೌಡ್ರು ತಲೆಕೆಳ್ಗಾಗಿ ನಡೀತಾವ್ರೆ!” ಎಂದು ಕೂಗಿದೆ.

“ಬಾಯ್ ಮುಚ್ಕಂಡು ಸೊಪ್ಪಾಕು. ಗೌಡ್ರು ಎಂಗಾನ ನಡೀಲಿ, ನಿಂಗೇನಂತೆ?” ಎಂದಳು ಅಮ್ಮ, ತಲೆ ಎತ್ತದೆ.

ಅಂದಿನಿಂದ ಗೌಡರ ಭಯ ನನಗೆ ಬಿಟ್ಟುಹೋಯಿತು. ಮುಂದೆ ಮೇಷ್ಟ್ರಾದ ಮೇಲೂ, ಶಾಲೆಗೆ ಇನ್ಸ್‌ಪೆಕ್ಟರು ಬಂದು ಕಣ್ಣು ಕೆಂಪು ಮಾಡಿದಾಗಲೆಲ್ಲ, ಮನಸ್ಸಿನಲ್ಲೇ ಅವರನ್ನು ತಲೆಕೆಳಗು ಮಾಡಿ ನೋಡಿ ಧೈರ್ಯ ತಂದುಕೊಳ್ಳುತ್ತಿದ್ದೆ.

ನಾನು ಮೇಷ್ಟ್ರಾದದ್ದು ರಾಯದುರ್ಗದಲ್ಲಿ. ಆಗ ಮದರಾಸು ಸರಕಾರ. ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ನಮ್ಮ ಮಡಕಶಿರ ಅನಂತಪುರಕ್ಕೆ. ಎರಡೂ ಊರಿಗೆ ಕೋಟೆಯ ಗುಡ್ಡವಿತ್ತು, ಎರಡೂ ಊರಿನವರು ಸಂತೆಗೆ ಹೋದರೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಬೇರೆಯಾಗಿದ್ದದ್ದು ಕನ್ನಡ. ಮೊದಲ ದಿನ ತರಗತಿಯಲ್ಲಿ ನಾನು “ಎಂಗೈತೆ ಊರು?” ಎಂದದ್ದಕ್ಕೆ ಮಕ್ಕಳು ಒಂದು ವಾರ ನಕ್ಕರು. ಆದರೆ ಊರಿನವರೆಲ್ಲ “ಬರ್ರಿ ಮೇಷ್ಟ್ರ, ಕುಂದರ್ರಿ ಮೇಷ್ಟ್ರ” ಎಂದು ಮಾತು ಮಾತಿಗೂ ಮರ್ಯಾದೆ ಸುರಿಯುತ್ತಿದ್ದುದರಿಂದ, ಮೀಸೆ ಸರಿಯಾಗಿ ಮೂಡದಿದ್ದ ನಾನು ಬಹಳ ತಿಳಿದವನೆಂದು ಬೇಗ ನಂಬಿಬಿಟ್ಟೆ.

ನಾನು ಕಲಿಸಬೇಕಾದ ಪಾಠಗಳಲ್ಲಿ ಬೆಳಕಿನ ಪಾಠವೂ ಒಂದು. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಹೇಳಿ, ಬೋರ್ಡಿನ ಮೇಲೆ ಒಂದು ಮೇಣದ ಬತ್ತಿ, ಒಂದು ತೂತು, ಒಂದು ತಲೆಕೆಳಗಾದ ಮೇಣದ ಬತ್ತಿ ಬರೆದು ಮುಗಿಸಬೇಕು. ಬರೆಯುತ್ತಿದ್ದಂತೆ ನನಗೆ ಗೌಡರ ನೆನಪಾಯಿತು. ಗೋಡೆಯ ಮೇಲೆ ಬಂದದ್ದನ್ನು ಕಾಗದದ ಮೇಲೆ ನಿಲ್ಲಿಸಲು ಬಂದರೆ! ಆ ವಾರವೇ ಇನ್ಸ್‌ಪೆಕ್ಟರಿಗೆಂದು ತರಿಸಿದ್ದ ದುಂಡನೆಯ ಸೀಮೆ ಬಿಸ್ಕತ್ತಿನ ಡಬ್ಬಿ ಖಾಲಿಯಾಗಿತ್ತು. ಇನ್ಸ್‌ಪೆಕ್ಟರು ತಿಂದದ್ದು ಎರಡು. ಉಳಿದವು ಎಲ್ಲಿ ಹೋದವೆಂದು ನಮ್ಮ ಹೆಡ್‌ಮಾಸ್ಟರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಡಬ್ಬಿಯನ್ನು ಮಾತ್ರ ನಾನು ಕೇಳಿ ಪಡೆದೆ.

ದೀಪದ ಮಸಿಗೆ ಜಾಲಿಯ ಅಂಟು ಕಲಸಿ ಡಬ್ಬಿಯ ಒಳಗೆಲ್ಲ ಬಳಿದೆ. ಮೊಳೆ ಹೊಡೆದು ಮಗ್ಗುಲಲ್ಲಿ ಬಟಾಣಿಯಷ್ಟು ತೂತು ಮಾಡಿದೆ. ಅದು ಕಣ್ಣಲ್ಲ, ಕಣ್ಣಿನ ಗೂಡು ಅಷ್ಟೇ. ಕಣ್ಣಿಗೆ ಬೇರೆ ತಗಡು ಬೇಕು. ಕಾಗದದಷ್ಟು ತೆಳ್ಳಗಿನ ಹಿತ್ತಾಳೆಯ ಚೂರೊಂದಕ್ಕೆ ಮನೆಯಲ್ಲಿದ್ದ ಅತಿ ಸಣ್ಣ ಸೂಜಿಯ ಮೊನೆ ಊರಿ, ಹಿಂದೆ ಎದ್ದ ಗುಬುಟನ್ನು ಕಲ್ಲಿನ ಮೇಲೆ ತೇಯ್ದು, ಮತ್ತೆ ಸೂಜಿ ಊರಿ, ಮತ್ತೆ ತೇಯ್ದು, ತೂತು ದುಂಡಗಾಗುವವರೆಗೆ ಏಳೆಂಟು ಚೂರು ಕೆಡಿಸಿದೆ. ಒಳ್ಳೆಯದಾದ ಒಂದನ್ನು ಡಬ್ಬಿಯ ಒಳಗಡೆಯಿಂದ ಮೇಣದಲ್ಲಿ ಕೂರಿಸಿದೆ. ಆ ಕಣ್ಣಿಗೆ ಬಾಗಿಲೆಂದರೆ ಹೊರಗೆ ಸುತ್ತಿ ಕಟ್ಟಿದ ಕಪ್ಪು ಬಟ್ಟೆಯ ಪಟ್ಟಿ. ಚಿತ್ರ ಮೂಡುವ ಕಾಗದ, ಅದನ್ನು ತೊಳೆಯುವ ಪುಡಿ, ಹೈಪೋ ಎಲ್ಲ ಬಳ್ಳಾರಿಯ ಒಬ್ಬ ಸ್ಟುಡಿಯೋದವರು ಕೊಟ್ಟರು. ಕಾಗದ ಹಳೆಯದಾಗಿತ್ತು, ಅದಕ್ಕೇ ಕೊಟ್ಟರು.

ದುಂಡು ಡಬ್ಬಿಯೇ ಯಾಕೆ ಎಂದು ನೀವು ಕೇಳಬಹುದು. ಚೌಕದ ಡಬ್ಬಿಯಾದರೆ ನೇರ ಎದುರಿಗಿರುವುದಷ್ಟೇ ಚೆನ್ನಾಗಿ ಬರುತ್ತದೆ. ದುಂಡು ಡಬ್ಬಿಯ ಒಳಮೈಗೆ ಕಾಗದವನ್ನು ಬಾಗಿಸಿ ಒತ್ತಿದರೆ ಎಡಗಡೆಯ ಗುಡ್ಡದಿಂದ ಬಲಗಡೆಯ ಬಾವಿಯವರೆಗೆ ಎಲ್ಲವೂ ಒಟ್ಟಿಗೆ ಬರುತ್ತದೆ. ನಾವು ಕತ್ತು ತಿರುಗಿಸಿ ನೋಡಬೇಕಾದದ್ದನ್ನು ಅದು ಕತ್ತು ತಿರುಗಿಸದೆ ನೋಡುತ್ತದೆ. ಅದಕ್ಕೆ ತೆರಬೇಕಾದ ದಂಡವೆಂದರೆ ನೇರವಾದ ಗೋಡೆಗಳು ಬಿಲ್ಲಾಗುತ್ತವೆ. ಇನ್ನೊಂದು ತೊಂದರೆ, ಹೊತ್ತು. ಅಷ್ಟು ಸಣ್ಣ ಕಣ್ಣಿನಿಂದ ಬೆಳಕು ಒಳಗೆ ಬರಲು ಒಳ್ಳೆಯ ಬಿಸಿಲಿನಲ್ಲೂ ಎರಡು ನಿಮಿಷ ಬೇಕು. ನನ್ನ ಹತ್ತಿರ ಕೈಗಡಿಯಾರ ಇರಲಿಲ್ಲ. ಶಾಲೆಯ ಗೋಡೆ ಗಡಿಯಾರದ ಕೆಳಗೆ ನಿಂತು ಹದವಾಗಿ ನೂರಿಪ್ಪತ್ತು ಎಣಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಬಾಯಿಬಿಟ್ಟು ಗಟ್ಟಿಯಾಗಿ ಎಣಿಸಬೇಕು, ಮನಸ್ಸಿನಲ್ಲಿ ಎಣಿಸಿದರೆ ನನಗೆ ತಪ್ಪುತ್ತಿತ್ತು. ಮೇಷ್ಟ್ರ ಬಾಯಿ ನೋಡಿ.

ಮೊದಲ ಚಿತ್ರ ಶಾಲೆಯ ಅಂಗಳದ್ದು. ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟಿದ್ದೆ. ಹೆಡ್‌ಮಾಸ್ಟರು ತಾವೂ ಚಿತ್ರದಲ್ಲಿ ಬರಬೇಕೆಂದು ಕೋಟು ತೊಟ್ಟು ಅಂಗಳದಲ್ಲಿ ಎರಡು ಸಲ ಅತ್ತಿಂದಿತ್ತ ನಡೆದರು. ಮನೆಯ ಕತ್ತಲೆ ಕೋಣೆಯಲ್ಲಿ ತೊಳೆದು, ಕರಿ ಬಿಳಿಯಾಗಿ, ಬಿಳಿ ಕರಿಯಾಗಿ ಬಂದದ್ದನ್ನು ಇನ್ನೊಂದು ಕಾಗದದ ಮೇಲೊತ್ತಿ ಸರಿಮಾಡಿ ನೋಡಿದರೆ, ಕೋಟೆಯ ಗುಡ್ಡ ಈ ತುದಿಯಿಂದ ಆ ತುದಿಯವರೆಗೆ ಬಂದಿದೆ, ಶಾಲೆ ಬಿಲ್ಲಿನಂತೆ ಬಾಗಿ ಬಂದಿದೆ, ಅಂಗಳದಲ್ಲಿ ಮಾತ್ರ ಒಂದು ನರಪಿಳ್ಳೆಯೂ ಇಲ್ಲ. ಓಡಾಡುವವರನ್ನು ಆ ಡಬ್ಬಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದ್ದವನು ಒಬ್ಬನೇ, ನಮ್ಮ ಜವಾನ ಬೀರಪ್ಪ. ಗಂಟೆಯ ಕೆಳಗೆ ಸ್ಟೂಲಿನ ಮೇಲೆ ಕುಳಿತು ನಿದ್ದೆ ಹೊಡೆಯುತ್ತಿದ್ದವನು ಗುಂಡಿ ಗುಂಡಿ ಎಣಿಸುವಷ್ಟು ಸ್ಪಷ್ಟವಾಗಿ ಬಂದಿದ್ದ.

ತೆಲುಗಿನವರಾದ ಹೆಡ್‌ಮಾಸ್ಟರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಏಮಯ್ಯಾ! ಪನಿ ಚೇಸೇವಾಡು ಲೇಡು, ನಿದ್ರಪೋಯೇವಾಡು ಉನ್ನಾಡು!” ಎಂದರು. ಕೆಲಸ ಮಾಡುವವನು ಇಲ್ಲ, ನಿದ್ದೆ ಮಾಡುವವನು ಇದ್ದಾನೆ ಎಂದು ಅವರ ಸಂಕಟ. ಬೀರಪ್ಪನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. ಚಿತ್ರವನ್ನು ಕೇಳಿ ತೆಗೆದುಕೊಂಡು, ಗುಮ್ಮಘಟ್ಟದ ಕಡೆಯ ತನ್ನ ಹಟ್ಟಿಗೆ ಒಯ್ದು ಮನೆಮನೆಗೂ ತೋರಿಸಿ ಬಂದ.

ಬಂದವನು ಸೋಮವಾರ ಗಂಟೆ ಹೊಡೆದು ನೇರ ನನ್ನ ಹತ್ತಿರ ಬಂದು ನಿಂತ.

“ಮೇಷ್ಟ್ರ, ನಮ್ಮ ದೊಡ್ಡವ್ವ ಮಾಳಮ್ಮಗ ದೂರದ್ದು ಕಾಣಂಗಿಲ್ರಿ. ಹತ್ರದ್ದು ಕಾಣ್ತೈತಿ. ನಿಮ್ಮ ಚಿತ್ರಾನ ಕಣ್ಣಿಗೆ ಹಚ್ಚಿಕೊಂಡು ನೋಡಿದ್ಲು. ‘ಗುಡ್ಡ ನೋಡಿ ನಾಕು ವರ್ಸ ಆಗಿತ್ತಲ್ಲೋ’ ಅಂದ್ಲು.”

“ಅದಕ್ಕೇನೀಗ, ಇಟ್ಕೊಳ್ಳಿ ಬಿಡು ಬೀರಪ್ಪ.”

“ಗುಡ್ಡ ಬ್ಯಾಡಂತ್ರಿ ಆಕಿಗೆ. ಕುರಿ ಬೇಕಂತ.”

ವಿಷಯ ಹೀಗಿತ್ತು. ಮಾಳಮ್ಮ ಬೀರಪ್ಪನ ತಾಯಿಯ ಅಕ್ಕ. ಗಂಡ ತೀರಿಕೊಂಡಾಗ ಉಳಿದದ್ದು ಹತ್ತಾರು ಕುರಿ, ಇಬ್ಬರು ಎಳೆಯ ಗಂಡುಮಕ್ಕಳು. ಎರಡನ್ನೂ ಆಕೆಯೇ ಸಾಕಿ ಬೆಳೆಸಿದಳು. ಈಗ ಹಿಂಡು ದೊಡ್ಡದಾಗಿತ್ತು, ಸುತ್ತಲಿನ ಹುಲ್ಲು ಸಾಲುತ್ತಿರಲಿಲ್ಲ. ಕಿರಿಯ ಮಗ ತನ್ನ ಪಾಲು ಹೊಡೆದುಕೊಂಡು ಮೈಸೂರು ಸೀಮೆಗೆ, ಹೆಂಡತಿಯ ಊರಿನ ಕಡೆ ಹೋಗುವುದೆಂದು ತೀರ್ಮಾನವಾಗಿತ್ತು. ಜಗಳವೇನೂ ಇಲ್ಲ. ಆದರೆ ನಾಲ್ಕು ವರ್ಷದಿಂದ ಮಾಳಮ್ಮನಿಗೆ ಒಂದೆರಡು ಮಾರಿನಾಚೆ ಎಲ್ಲವೂ ಮಂಜು. ಪಾಲಾಗುವ ಮೊದಲು ತನ್ನ ಹಿಂಡನ್ನು ಇಡಿಯಾಗಿ ಒಂದು ಸಲ ನೋಡಬೇಕು, ಆಮೇಲೆ ಏನಾದರೂ ಆಗಲಿ ಎಂದು ಕೂತಿದ್ದಳು. ಊರಲ್ಲಿದ್ದ ಫೋಟೋದವರನ್ನು ಬೀರಪ್ಪ ಕೇಳಿದ್ದ. ಅವರ ಕ್ಯಾಮೆರಾ ಮದುಮಕ್ಕಳಿಬ್ಬರು ನಿಲ್ಲುವಷ್ಟು ಅಗಲ. ಇಡೀ ಹಿಂಡಿಗೆ ಆಗದೆಂದು ಅವರು ಕೈಯಾಡಿಸಿಬಿಟ್ಟರು.

“ನನ್ನ ಡಬ್ಬಿಗೆ ಹಿಂಡು ಹಿಡಿಸ್ತೈತೆ. ಆದರೆ ಅಲ್ಲಾಡಿದ್ದು ಯಾವುದೂ ಬರಲ್ಲ. ಕುರಿ ಎರಡು ನಿಮಿಷ ಸುಮ್ನೆ ನಿಲ್ತವಾ?” ಎಂದೆ.

ಬೀರಪ್ಪ ನನ್ನನ್ನು ಬಹಳ ಕನಿಕರದಿಂದ ನೋಡಿದ. “ಕುರಿ ನೋಡೇ ಇಲ್ಲೇನ್ರಿ ನೀವು? ಮಧ್ಯಾನ ಬರ್ರಿ. ಬಿಸ್ಲೇರಿದ್ರ ತಲಿ ತಲಿ ಸೇರಿಸ್ಕೊಂಡು ನಿಂತುಬಿಡ್ತಾವು. ಕಲ್ಲು ಒಗದ್ರೂ ಅಲ್ಲಾಡಂಗಿಲ್ಲ.”

ಭಾನುವಾರ ಹೋದೆವು. ಗಾಡಿ ಸಿಕ್ಕಷ್ಟು ದೂರ ಗಾಡಿ, ಉಳಿದದ್ದು ನಡಿಗೆ. ಡಬ್ಬಿಯನ್ನು ಬೀರಪ್ಪ ತನ್ನ ರುಮಾಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದ. ಹಟ್ಟಿಯ ಆಚೆ, ಗುಂಡುಕಲ್ಲುಗಳ ದಿಬ್ಬದ ಕೆಳಗೆ ಹಿಂಡು ನಿಂತಿತ್ತು. ಅವನು ಹೇಳಿದ್ದು ಸರಿ. ಕುರಿಗಳೆಲ್ಲ ಪಕ್ಕದ್ದರ ಹೊಟ್ಟೆಯ ನೆರಳಿಗೆ ತಲೆ ತೂರಿಸಿ, ಈ ತುದಿಯಿಂದ ಆ ತುದಿಯವರೆಗೆ ಉಣ್ಣೆಯ ಒಂದೇ ರಾಶಿಯಾಗಿ ನಿಂತಿದ್ದವು. ಮಾಳಮ್ಮ ಒಂದು ಕಲ್ಲಿನ ಮೇಲೆ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ಗಟ್ಟಿಮುಟ್ಟಾದ ಮುದುಕಿ; ಉಣ್ಣೆಯೊಳಗಿನ ಮುಳ್ಳಿನ ಚೂರನ್ನು ಬೆರಳು ತಾಕುವ ಮೊದಲೇ ಕಂಡು ಕಿತ್ತು ಹಾಕುತ್ತಿದ್ದಳು. ನನ್ನನ್ನು ಮಾತ್ರ ಹತ್ತಿರ ಬರುವವರೆಗೆ ಗುರುತಿಸಲಿಲ್ಲ.

“ಬರ್ರಿ ಮೇಷ್ಟ್ರ. ಬಿಸಲಾಗ ಬಂದ್ರಿ. ಎಲ್ಲಾ ಬರ್ತಾವೇನ್ರಿ ಅದ್ರಾಗ?” ಎಂದಳು.

“ಒಂದೂ ಬಿಡದಂಗೆ ಬರ್ತವೆ ಅಜ್ಜಿ,” ಎಂದೆ, ಬಹಳ ತಿಳಿದವನ ಹಾಗೆ.

ಡಬ್ಬಿಯನ್ನು ಕಲ್ಲಿನ ಮೇಲಿಟ್ಟು, ಅಲ್ಲಾಡದಂತೆ ಚೂರು ಕಲ್ಲು ಒತ್ತಿ, ಪಟ್ಟಿ ಬಿಚ್ಚಿದೆ. ಹಿಂಡಿನ ಎದುರು ನೆಟ್ಟಗೆ ನಿಂತು, ಅಭ್ಯಾಸದಂತೆ ಗಟ್ಟಿಯಾಗಿ ಶುರುಮಾಡಿದೆ. “ಒಂದು, ಎರಡು, ಮೂರು, ನಾಕು...”

ಹದಿನಾಲ್ಕಕ್ಕೆ ಬಂದಿದ್ದೆ. ಕದಿರು ನೆಲಕ್ಕೆ ಬಿತ್ತು. ಮುದುಕಿ ಎದ್ದು ಬಂದ ರಭಸ ಇನ್ನೂ ನನ್ನ ಕಣ್ಣ ಮುಂದಿದೆ. ಹೆಗಲ ಮೇಲಿನ ಕಂಬಳಿಯನ್ನು ಎಳೆದು ಡಬ್ಬಿಯ ಮೇಲೆ ಒಗೆದಳು. ಅದರ ಅರ್ಧ ನನ್ನ ತಲೆಯ ಮೇಲೂ ಬಿತ್ತು.

“ಏ ತಮ್ಮಾ! ಬಾಯಿ ಮುಚ್ಚೋ! ನನ್ನ ಕುರಿ ಎಣಸ್ತೀಯೇನು?”

ಕಂಬಳಿಯೊಳಗಿಂದ ನಾನು ಏನೇನೋ ಹೇಳಿದೆ. ಇದು ಕುರಿಯ ಲೆಕ್ಕವಲ್ಲ, ಕಾಲದ ಲೆಕ್ಕ ಎಂದೆ. ಕಾಲ ಎಣಿಸುವವನು ಹಿಂಡಿನ ಎದುರು ನಿಂತು ಯಾಕೆ ಎಣಿಸಬೇಕು ಎಂದು ಆಕೆ ಕೇಳಿದಳು. ಬೀರಪ್ಪ ನನ್ನನ್ನು ಪಕ್ಕಕ್ಕೆ ಎಳೆದು ಮೆಲ್ಲಗೆ ತಿಳಿಸಿ ಹೇಳಿದ.

“ಹಿಂಡು ಬಾಯಿಬಿಟ್ಟು ಎಣಸಬಾರದ್ರಿ. ಎಣಸಿದ್ರ ಅಲ್ಲಿಗೇ ನಿಂತುಬಿಡ್ತಾವು, ಮುಂದ ಬೆಳೆಯಂಗಿಲ್ಲ. ನಾವು ಮಕ ನೋಡಿ ಗುರ್ತು ಹಿಡೀತೀವಿ, ಲೆಕ್ಕ ಹಾಕಂಗಿಲ್ಲ.”

“ಮತ್ತೆ ಪಾಲು ಎಂಗೆ ಮಾಡ್ತೀರಿ?”

“ರೊಪ್ಪದ ಬಾಯಾಗ ಜೋಡಿ ಜೋಡಿ ಬಿಡ್ತೀವ್ರಿ. ಒಂದು ಅಣ್ಣಗ, ಒಂದು ತಮ್ಮಗ. ಎಣಸೂದು ಯಾಕ?”

ರೊಪ್ಪವೆಂದರೆ ಅವರ ಮುಳ್ಳುಬೇಲಿಯ ಕುರಿದೊಡ್ಡಿ. ಲೆಕ್ಕವೇ ಇಲ್ಲದೆ ಸಮಪಾಲು! ಮೇಷ್ಟ್ರಾದ ನಾನು ಆ ಹೊತ್ತಿಗೆ ಭಾಗಾಕಾರವನ್ನು ಎಷ್ಟು ಮಕ್ಕಳಿಗೆ ಬೆತ್ತ ಹಿಡಿದು ಕಲಿಸಿದ್ದೆನೋ, ಅವರಲ್ಲಿ ಒಬ್ಬರಿಗೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೋಗಿ ಅಜ್ಜಿಯ ಎದುರು ನಿಂತು, ತಪ್ಪಾಯಿತು ಎಂದೆ. ಆಕೆ ನೆಲದಿಂದ ಕದಿರನ್ನು ಎತ್ತಿ ಮಣ್ಣು ಒರೆಸುತ್ತ, “ಗೊತ್ತಿಲ್ದೆ ಮಾಡೀರಿ. ಹೋಗ್ಲಿ ಬಿಡ್ರಿ ಮೇಷ್ಟ್ರ,” ಎಂದಳು. ಮತ್ತೆ ನಾನು ಮೇಷ್ಟ್ರಾಗಿದ್ದೆ.

ಮೊದಲ ಕಾಗದ ಕೆಟ್ಟಿತ್ತು. ಇನ್ನೊಂದು ಕಪ್ಪು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಆದರೆ ಡಬ್ಬಿ ತೆರೆದು ಅದನ್ನು ತುಂಬಲು ಕತ್ತಲೆ ಬೇಕು, ಸುತ್ತಲೂ ಸುಡುವ ಮಧ್ಯಾಹ್ನ. ಮಾಳಮ್ಮನೇ ದಾರಿ ತೋರಿಸಿದಳು. ಆಕೆಯ ಕಂಬಳಿಯ ಮೇಲೆ ಬೀರಪ್ಪನ ಕಂಬಳಿ, ಅದರ ಮೇಲೆ ಮತ್ತೊಂದು ಹೊದಿಸಿ ನನ್ನನ್ನು ಗುಡ್ಡೆ ಹಾಕಿದರು. ಅಷ್ಟು ಗಟ್ಟಿಯಾದ ಕತ್ತಲೆ ನಮ್ಮ ಹುಳದ ಮನೆಯಲ್ಲೂ ಇರಲಿಲ್ಲ. ಉಣ್ಣೆ, ಹೊಗೆ, ಹಾಲು, ಬೆವರು ಎಲ್ಲ ಸೇರಿದ ಆ ವಾಸನೆಯಲ್ಲಿ ಉಸಿರು ಹಿಡಿದು ಕಾಗದ ತುಂಬಿ ಹೊರಬಂದಾಗ ನನ್ನ ಜುಬ್ಬ ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು.

“ಈಗ ಎಷ್ಟೊತ್ತು ತೆಗೆದಿಡಬೇಕು?” ಎಂದು ಆಕೆ ಕೇಳಿದಳು. ಹೇಳುವುದು ಹೇಗೆ? ಸಂಖ್ಯೆ ಬಾಯಿಂದ ಬರಬಾರದು. ನಾನು ಬಾಯಿ ತೆರೆದು ಮುಚ್ಚುವುದನ್ನು ಕಂಡು ಆಕೆಗೆ ನಗು ಬಂತು. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. “ಇದು ಬಾಯಾಗ ಕೆಂಪಾಗೂತನಾ ಸಾಕೇನ್ರಿ?” ಸಾಕು ಎಂದು ತಲೆಯಾಡಿಸಿದೆ. ಪಟ್ಟಿ ಬಿಚ್ಚಿದೆ. ಕುರಿಗಳು ನಿಂತಿದ್ದವು, ಗುಂಡುಕಲ್ಲುಗಳು ನಿಂತಿದ್ದವು, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮಾಳಮ್ಮ ನಿಧಾನವಾಗಿ ಜಗಿಯುತ್ತಿದ್ದಳು. ಅಷ್ಟು ಉದ್ದವಾದ ಎರಡು ನಿಮಿಷವನ್ನು ನಾನು ಆಮೇಲೆ ಕಂಡಿಲ್ಲ. ಕೊನೆಗೆ ಆಕೆ ಪಕ್ಕಕ್ಕೆ ಬಾಗಿ ಕೆಂಪಗೆ ಉಗಿದಳು. ನಾನು ಪಟ್ಟಿ ಕಟ್ಟಿದೆ.

ಚಿತ್ರ ಬಹಳ ಚೆನ್ನಾಗಿ ಬಂದಿತ್ತು ಎಂದು ಹೇಳಿದರೆ ಜಂಬವಾಗುತ್ತದೆ, ಆದರೂ ಹೇಳುತ್ತೇನೆ. ಇಡೀ ಹಿಂಡು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಒಂದೂ ಮಸುಕಾಗದೆ. ಒಣಗಿಸಿ ಪುಸ್ತಕದ ನಡುವೆ ಒತ್ತಿಟ್ಟು ಮುಂದಿನ ಭಾನುವಾರ ಬೆಳಿಗ್ಗೆಯೇ ಹೊರಟೆ. ಅಂದೇ ಪಾಲು. ಸಮಯ ಸಿಕ್ಕರೆ ಇನ್ನೊಂದು ತೆಗೆಯೋಣವೆಂದು ಡಬ್ಬಿಯನ್ನೂ ಒಯ್ದಿದ್ದೆ. ಹೋಗುವಷ್ಟರಲ್ಲಿ ರೊಪ್ಪದ ಮುಂದೆ ಜನ ಸೇರಿದ್ದರು, ಕುರಿಗಳು ಒಳಗೆ ಒದ್ದಾಡುತ್ತಿದ್ದವು. ಇಬ್ಬರು ಮಕ್ಕಳೂ ತಾಯಿಗಾಗಿ ಕಾದು ನಿಂತಿದ್ದರು. ಆಕೆ ನನಗಾಗಿ ಕಾಯುತ್ತಿದ್ದಳು.

ಚಿತ್ರವನ್ನು ಮೂಗಿಗೆ ತಾಕಿಸಿಕೊಂಡು ಎಡದಿಂದ ಬಲಕ್ಕೆ ಸರಿಸುತ್ತ ನೋಡಿದಳು. ಮತ್ತೆ ಬಲದಿಂದ ಎಡಕ್ಕೆ. ನಾನು ಹೊಗಳಿಕೆಗೆ ಸಿದ್ಧನಾಗಿ ನಿಂತಿದ್ದೆ.

“ಮೇಷ್ಟ್ರ, ಇವು ಗುಂಡುಕಲ್ಲಲ್ಲೇನ್ರಿ? ನನ್ನ ಕುರಿ ಎಲ್ಲದಾವ?”

“ಇವೇ ಅಜ್ಜಿ. ಮೇಲಿನವು ಗುಂಡು, ಕೆಳಗಿನವು ಕುರಿ.”

“ಮಕ ಎಲ್ಲೈತ್ರಿ?”

ಮುಖ ಇರಲಿಲ್ಲ. ಒಂದರದೂ ಇರಲಿಲ್ಲ. ಸುಮ್ಮನೆ ನಿಲ್ಲಲೆಂದು ಮಧ್ಯಾಹ್ನ ಹೋದೆ. ಮಧ್ಯಾಹ್ನ ಅವು ಸುಮ್ಮನೆ ನಿಂತದ್ದೇ ಮುಖ ಮುಚ್ಚಿಕೊಂಡು. ಹಿಂದಿನ ದಿಬ್ಬದ ಗುಂಡುಗಳಿಗೂ ಮುಂದಿನ ಬೆನ್ನುಗಳಿಗೂ ವ್ಯತ್ಯಾಸ ಹೇಳಲು ನನಗೇ ಕಷ್ಟವಾಯಿತು. ಮುಖದಿಂದಲೇ ಒಂದೊಂದನ್ನೂ ಬಲ್ಲವಳಿಗೆ ನಾನು ಬೆನ್ನುಗಳನ್ನು ತಂದುಕೊಟ್ಟಿದ್ದೆ. ಇನ್ನೊಂದು ಸಲ ತೆಗೆಯುತ್ತೇನೆ ಎನ್ನಲು ಹೋಗಿ ನಿಲ್ಲಿಸಿದೆ. ಈಗ ಅವು ನಿಲ್ಲುವುದಿಲ್ಲ. ನಿಲ್ಲುವ ಹೊತ್ತಿಗೆ ಎರಡಾಗಿರುತ್ತವೆ. ಆಕೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಚಿತ್ರವನ್ನು ಮೆತ್ತಗೆ ನನ್ನ ಕೈಗೆ ಕೊಟ್ಟು, “ಇರ್ಲಿ ಬಿಡ್ರಿ. ನಿಮ್ಮ ಡಬ್ಬಿ ಕಣ್ಣೂ ನನ್ನಂಗೇ ಐತಿ,” ಎಂದಳು. ಆಮೇಲೆ, “ಎಲ್ಲೈತಿ ಆ ಕಣ್ಣು? ತೋರಿಸ್ರಿ ನೋಡೂನು,” ಎಂದಳು.

ಬೇರೆ ಏನು ಮಾಡಲೂ ತೋಚದೆ ಮೇಣ ಬಿಡಿಸಿ ಹಿತ್ತಾಳೆಯ ಚೂರನ್ನು ಆಕೆಯ ಅಂಗೈ ಮೇಲಿಟ್ಟೆ. ಸಣ್ಣದೇನನ್ನಾದರೂ ನೋಡುವ ರೀತಿಯಲ್ಲೇ ಅದನ್ನು ಬಲಗಣ್ಣಿಗೆ ಹಚ್ಚಿಕೊಂಡು, ತೂತು ಕಾಣಲೆಂದು ಬೆಳಕಿನ ಕಡೆಗೆ, ರೊಪ್ಪದ ಕಡೆಗೆ ತಿರುಗಿದಳು. ತಿರುಗಿದವಳು ಹಾಗೇ ನಿಂತಳು. ಎಷ್ಟು ಹೊತ್ತಾದರೂ ಕೆಳಗಿಳಿಸಲಿಲ್ಲ.

“ಯಾಕ ದೊಡ್ಡವ್ವಾ?” ಎಂದ ಬೀರಪ್ಪ, ಗಾಬರಿಯಿಂದ.

“ಕೆಂಚಿ,” ಎಂದಳು. “ಬೇಲಿ ಹತ್ರ ನಿಂತಾಳ. ಕಿವ್ಯಾಗ ಮುಳ್ಳು ಚುಚ್ಚೈತಿ ಆಕಿಗೆ. ಯಾರೂ ನೋಡಿಲ್ಲೇನ್ರೋ?”

ಹಿರಿಯ ಮಗ ಹೋಗಿ ನೋಡಿದ. ಕೆಂಚು ಬಣ್ಣದ ಕುರಿಯ ಕಿವಿಯಲ್ಲಿ ಬಾರೆ ಗಿಡದ ಮುಳ್ಳಿತ್ತು.

ಇದರ ಗುಟ್ಟು ನನಗೆ ಅಂದು ಗೊತ್ತಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಕಣ್ಣೂ ಮಂಜಾದಾಗ ಕಣ್ಣಿನ ಡಾಕ್ಟರೊಬ್ಬರು ಸಣ್ಣ ತೂತಿನ ಕಪ್ಪು ಬಿಲ್ಲೆಯೊಂದನ್ನು ನನ್ನ ಕಣ್ಣಿನ ಮುಂದೆ ಹಿಡಿದರು. ಗೋಡೆಯ ಮೇಲಿನ ಅಕ್ಷರಗಳು ತಟ್ಟನೆ ಎದ್ದು ನಿಂತವು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಡಾಕ್ಟರು ಕೋಪಿಸಿಕೊಂಡರು. ತೂತು ಸಣ್ಣದಾದಷ್ಟೂ ಚಿತ್ರ ಚೊಕ್ಕಟವಾಗುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಅದು ಡಬ್ಬಿಗೆ ನಿಜವಾದರೆ ಕಣ್ಣಿಗೂ ನಿಜವಾದೀತೆಂದು ಒಂದು ದಿನವೂ ಹೊಳೆದಿರಲಿಲ್ಲ. ಹೊಳೆಯಲು ಹಿಂಡನ್ನು ನೋಡಬೇಕೆಂಬ ಹಂಬಲ ಇರಬೇಕಿತ್ತೋ ಏನೋ.

ಇದನ್ನೆಲ್ಲ ನಿನ್ನೆ ನನ್ನ ಹೆಂಡತಿಗೂ ಹೇಳಿದೆ. ಮದುವೆಯಾದ ಹೊಸತರಲ್ಲಿ ಡಬ್ಬಿಯೊಳಗಿನ ಮಸಿಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೆಗೆದವಳು ಅವಳೇ; ಯಾತರ ಮಸಿ ಎಂದು ಆಗ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬೆಸುಗೆಯ ಮಾತು ಮತ್ತೆ ಬರಲಿಲ್ಲ. ಸಕ್ಕರೆಗೆ ಬೇರೆ ಡಬ್ಬಿ ತೆಗೆದಳು. ಪುಸ್ತಕದಿಂದ ಚಿತ್ರವನ್ನು ತೆಗೆದು ತೋರಿಸಿದೆ. ಅವಳೂ ಗುಂಡುಗಳೆಂದೇ ಅಂದುಕೊಂಡಳು.

“ಚಿತ್ರ ಇಲ್ಲೈತೆ, ಡಬ್ಬಿ ಇಲ್ಲೈತೆ. ಆ ಹಿತ್ತಾಳೆ ಚೂರು ಎಲ್ಲಿ?” ಎಂದಳು.

ಅಂದು ಮಾಳಮ್ಮನನ್ನು ಬೀರಪ್ಪ ಕೈಹಿಡಿದು ಒಂದು ಎತ್ತರದ ಗುಂಡಿನ ಮೇಲೆ ಹತ್ತಿಸಿದ. ಆಕೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿಗೆ ತಗಡು ಹಚ್ಚಿಕೊಂಡು ನಿಂತಳು. ರೊಪ್ಪದ ಬಾಯಿ ತೆರೆದರು. ಜೋಡಿ ಜೋಡಿಯಾಗಿ ಹೊರಬಂದವು, ಒಂದು ಬಲಕ್ಕೆ, ಒಂದು ಎಡಕ್ಕೆ. ಯಾರೂ ಎಣಿಸಲಿಲ್ಲ. ಆಕೆ ಮಾತ್ರ ಕೆಳದನಿಯಲ್ಲಿ ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಿದ್ದಳು. ಬೋಳಿ. ಚುಕ್ಕಿ. ಕಿವಿಹರಕಿ. ಕೆಂಚಿ. ಕೆಂಚಿ ಮಗಳು. ನಾಲ್ಕು ವರ್ಷದಲ್ಲಿ ಹುಟ್ಟಿ, ತಾನು ಹತ್ತಿರದಿಂದ ಮುಟ್ಟಿ ಮಾತ್ರ ಬಲ್ಲ ಮರಿಗಳು ಬಂದಾಗ ಸ್ವಲ್ಪ ತಡೆದು, ತಾಯಿಯ ಮುಖ ನೆನೆದು, “ಹ್ಞಾ, ನೀನೇನು,” ಎನ್ನುತ್ತಿದ್ದಳು. ಕೊನೆಯ ಜೋಡಿ ಹೊರಟಿತು. ಒಂದು ಹಿಂಡು ದಿಬ್ಬದ ಕಡೆ, ಇನ್ನೊಂದು ಮೈಸೂರು ಸೀಮೆಯ ಹಾದಿಯ ಕಡೆ ಧೂಳೆಬ್ಬಿಸುತ್ತ ನಡೆದವು. ನಾನು ಸಮಾಧಾನದ ನಾಲ್ಕು ಮಾತು ಹುಡುಕಿಟ್ಟುಕೊಂಡು, ತಗಡನ್ನು ವಾಪಸು ಪಡೆಯಲು ಕೈ ಚಾಚಿದೆ. ಆಕೆ ಇಳಿಸಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಕತ್ತು ತಿರುಗಿಸಿ ನೋಡಿದಳು. ಆ ತುದಿಯಿಂದ ಈ ತುದಿಗೆ ಮತ್ತೊಮ್ಮೆ ನೋಡಿದಳು.

“ಎಲ್ಲಾ ಅದಾವ,” ಎಂದಳು. ತಗಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.